ಅಜಾಥಯೋಪ್ರಿನ್ ಶುರು ಮಾಡೋ ಮುಂಚೆ ಟಿಪಿಎಂಟಿ ಟೆಸ್ಟ್ ಯಾಕೆ?
ನಿಮ್ಮ ತಮ್ಮಂಗೆ ಅಲ್ಸರೇಟಿವ್ ಕೊಲೈಟಿಸ್, ಹೊಟ್ಟೆ ಕಾಯಿಲೆಗೆ ಈ ಎಂಜೈಮ್ ಟೆಸ್ಟ್ ಯಾಕೆ ಬರೆದ್ರು ಅಂತ ಕೇಳಿದ್ರಿ. ಟೆಸ್ಟ್ ಕಾಯಿಲೆಗಲ್ಲ, ಅದಕ್ಕೆ ಕೊಡೋ ಅಜಾಥಯೋಪ್ರಿನ್ ಅನ್ನೋ, ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆಗೆ.

ಟಿಪಿಎಂಟಿ ನಮ್ಮ ರಕ್ತದ ಕೆಂಪು ಕಣದಲ್ಲೂ ಇರೋ ಎಂಜೈಮ್, ಅಜಾಥಯೋಪ್ರಿನ್ ಮೈಯೊಳಗೆ ಹೋದಮೇಲೆ ಅದರ ಒಂದು ಭಾಗನ ಇದು ನಿಷ್ಕ್ರಿಯ ಮಾಡ್ತದೆ, ಎಂಜೈಮ್ ಕಮ್ಮಿ ಇದ್ರೆ ಕುಮಟಾ ಕಡೆ ಗಜನಿ ಗದ್ದೆ ತೂಬು ಕಟ್ಕೊಂಡ್ರೆ ನೀರು ನಿಲ್ತದಲ್ಲ ಹಾಗೆ ಔಷಧಿ ಅಂಶ ಜೀವಕೋಶದಲ್ಲಿ ತುಂಬ್ಕೊಂಡು ಅಸ್ಥಿಮಜ್ಜೆಗೆ ಹೊಡೆತ, ಬಿಳಿ ರಕ್ತಕಣ ಕುಸೀತದೆ. ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಎಂಜೈಮ್ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, 10ರಲ್ಲಿ ಒಬ್ಬರಿಗೆ ಮಧ್ಯಮ, ಅಂಥವರಿಗೆ ಡೋಸ್ ಇಳಿಸ್ತಾರೆ.

ಒಂದು ವಿಷಯ ಮರೀಬೇಡಿ. ಇತ್ತೀಚೆಗೆ ರಕ್ತ ಹಾಕ್ಸಿದ್ರೆ ಮೊದಲೇ ಹೇಳಿ, ಯಾಕಂದ್ರೆ ಆಗ ಅಳೆಯೋದು ದಾನಿಯ ಕೆಂಪು ಕಣದ ಎಂಜೈಮನ್ನೂ ಸೇರಿಸಿ, ರಿಪೋರ್ಟ್ ನಂಬೋಕಾಗಲ್ಲ, ಜೀನ್ ಟೆಸ್ಟೇ ಮಾಡಿಸ್ಬೇಕು. ಏಷ್ಯಾದವರಲ್ಲಿ ಎನ್‌ಯುಡಿಟಿ15 ಅನ್ನೋ ಇನ್ನೊಂದು ಜೀನಿನ ವ್ಯತ್ಯಾಸ ಜಾಸ್ತಿ ಕಾಣ್ತದೆ, ಅದಿದ್ರೂ ಈ ಮಾತ್ರೆಯಿಂದ ಬಿಳಿ ಕಣ ಕುಸೀಬಹುದು, ಅದನ್ನೂ ಡಾಕ್ಟ್ರ ಹತ್ರ ಕೇಳಿ.

ಟಿಪಿಎಂಟಿ ನಾರ್ಮಲ್ ಬಂತು ಅಂತ ಸಿಬಿಸಿ (ರಕ್ತಕಣ ಎಣಿಸೋ ಟೆಸ್ಟ್) ಬಿಡಬೇಡಿ! ನನ್ನ ಹೆಂಡ್ತಿಗೆ ನಾರ್ಮಲ್ಲೇ ಇತ್ತು, ಆದ್ರೂ ಶಿರಸೀಲಿ ಮೊದಲ ತಿಂಗಳು ವಾರವಾರ ರಕ್ತ ಕೊಟ್ಟು ಬಿಳಿ ಕಣದ ಲೆಕ್ಕ ಅಡಿಗೆಮನೆ ಕ್ಯಾಲೆಂಡರ್ ಮೇಲೆ ಬರೆದಿಡ್ತಿದ್ವಿ, ಮೂರನೇ ವಾರ 6200 ಇದ್ದದ್ದು 3400 ಆಗಿದ್ದು ಹಾಗೇ ಕಣ್ಣಿಗೆ ಬಿತ್ತು, ಡಾಕ್ಟ್ರು ಡೋಸ್ ಅರ್ಧ ಮಾಡಿದ್ರು. ಜ್ವರ, ಗಂಟಲುನೋವು ಬಂದ್ರಂತೂ ಕಾಯ್ಬೇಡಿ, ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ.