ವರದಿ ‘ನಾರ್ಮಲ್’ ಎಂದರೆ ಯಾವುದರ ವರದಿ?

ಈ ಅಂಕಣಕ್ಕೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗಂಡಸರೊಂದಿಗೆ ಲೈಂಗಿಕ ಸಂಪರ್ಕವಿರುವ ಗಂಡಸರದು. ಕೆಲವರು ತಮ್ಮನ್ನು ಗೇ ಎಂದು, ಕೆಲವರು ಬೈಸೆಕ್ಷುಯಲ್ ಎಂದು, ಇಬ್ಬರು ಕೋತಿ (ಹೆಣ್ಣಿನ ಹಾವಭಾವದ ಗಂಡಸರು ತಮಗೆ ತಾವೇ ಇಟ್ಟುಕೊಂಡ ಹೆಸರು) ಎಂದು ಕರೆದುಕೊಂಡಿದ್ದಾರೆ. ಹಲವರು ಯಾವ ಹೆಸರೂ ಇಟ್ಟುಕೊಳ್ಳದೆ ‘ಮದುವೆಯಾಗಿದೆ, ಗೆಳೆಯನೂ ಇದ್ದಾನೆ’ ಎಂದಷ್ಟೇ ಬರೆದಿದ್ದಾರೆ. ಬಳ್ಳಾರಿಯಲ್ಲಿ ಚರ್ಮ ಮತ್ತು ಲೈಂಗಿಕ ರೋಗಗಳ ವೈದ್ಯನಾಗಿರುವ ನನಗೆ ಈ ಪ್ರಶ್ನೆಗಳು ಹೊಸವಲ್ಲ, ಮತ್ತು ಅವು ಮತ್ತೆ ಮತ್ತೆ ಅದೇ ರೂಪದಲ್ಲಿ ಬರುತ್ತಿರುವುದು ನನಗೆ ನಿಜಕ್ಕೂ ಬೇಸರ ತರಿಸಿದೆ. ಕಾಂಡೋಮ್ ಏಕೆ ಬೇಕು, ಎಚ್‌ಐವಿ ಹೇಗೆ ಹರಡುತ್ತದೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ.

ಪ್ರಶ್ನೆ: ನನಗೆ 29 ವರ್ಷ, ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಕೆಲಸ. ಎರಡು ವರ್ಷಗಳಿಂದ ಗಂಡಸರೊಂದಿಗೆ ಮಾತ್ರ ಸಂಬಂಧ. ಕಳೆದ ತಿಂಗಳು ಫುಲ್ ಬಾಡಿ ಚೆಕಪ್ ಮಾಡಿಸಿದೆ, ಎಚ್‌ಐವಿ ಪರೀಕ್ಷೆಯನ್ನೂ ಸೇರಿಸಿಕೊಂಡೆ. ಎಚ್‌ಐವಿ ನೆಗೆಟಿವ್, ಮೂತ್ರ ನಾರ್ಮಲ್. ಯಾವ ತೊಂದರೆಯೂ ಇಲ್ಲ. ಇನ್ನು ಬೇರೆ ಪರೀಕ್ಷೆ ಬೇಕಿಲ್ಲ ಅಲ್ಲವೇ?

ಉತ್ತರ: ಬೇಕು. ಫುಲ್ ಬಾಡಿ ಚೆಕಪ್ ಎಂಬ ಹೆಸರನ್ನು ನಂಬಿ ನಿಶ್ಚಿಂತರಾದವರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಆ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ಸಕ್ಕರೆ, ಕೊಬ್ಬು, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್, ವಿಟಮಿನ್ ಡಿ ಇರುತ್ತವೆಯೇ ಹೊರತು ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್, ಗೊನೊರಿಯಾ, ಕ್ಲಮೈಡಿಯಾ ಸೋಂಕುಗಳ ಪರೀಕ್ಷೆ ಇರುವುದಿಲ್ಲ. ಮೂತ್ರ ನಾರ್ಮಲ್ ಎಂದರೆ ಅದರಲ್ಲಿ ಸಕ್ಕರೆ, ಪ್ರೋಟೀನ್, ಕೀವುಕಣ ಕಾಣಲಿಲ್ಲ ಎಂದಷ್ಟೇ ಅರ್ಥ.

ಇನ್ನೂ ಮುಖ್ಯವಾದ ಮಾತೊಂದಿದೆ. ಗೊನೊರಿಯಾ ಮತ್ತು ಕ್ಲಮೈಡಿಯಾದ ಪರೀಕ್ಷೆಯು ಎಲ್ಲಿಂದ ಮಾದರಿ ತೆಗೆದಿರೋ ಅಲ್ಲಿಯ ಸೋಂಕನ್ನಷ್ಟೇ ತೋರಿಸುತ್ತದೆ. ಇವೆರಡೂ ಮೂತ್ರನಾಳದಲ್ಲಿ ಮಾತ್ರವಲ್ಲ, ಗಂಟಲಿನಲ್ಲೂ ಗುದನಾಳದಲ್ಲೂ ಬೇರೂರುತ್ತವೆ, ಮತ್ತು ಅಲ್ಲಿ ಬಹುಪಾಲು ಜನರಿಗೆ ನೋವಾಗಲಿ ಸ್ರಾವವಾಗಲಿ ಇರುವುದಿಲ್ಲ. ನೀವು ಗುದಸಂಭೋಗದಲ್ಲಿ ಒಳಗೆ ಸ್ವೀಕರಿಸುವವರಾಗಿದ್ದರೆ ಅಥವಾ ಮುಖಮೈಥುನ ಮಾಡುವವರಾಗಿದ್ದರೆ, ಎಷ್ಟು ಸಲ ಮೂತ್ರ ಕೊಟ್ಟರೂ ಆ ಜಾಗಗಳ ಸೋಂಕು ವರದಿಯಲ್ಲಿ ಬರಲಾರದು. ಅದಕ್ಕೆ ಗಂಟಲಿನಿಂದ ಒಂದು, ಗುದದ್ವಾರದಿಂದ ಒಂದು ಹತ್ತಿಕಡ್ಡಿಯ ಮಾದರಿ ತೆಗೆದು, ಕ್ರಿಮಿಯ ವಂಶವಾಹಿಯನ್ನು ಹುಡುಕುವ ಪಿಸಿಆರ್ ವಿಧಾನದಲ್ಲಿ ನೋಡಬೇಕು. ಸಂಕೋಚವಿದ್ದರೆ ಗುದದ್ವಾರದ ಮಾದರಿಯನ್ನು ನೀವೇ ಶೌಚಾಲಯದಲ್ಲಿ ತೆಗೆದುಕೊಡಬಹುದು. ಹೇಳಿದ ಕ್ರಮದಲ್ಲಿ ತೆಗೆದರೆ ಫಲಿತಾಂಶದಲ್ಲಿ ವ್ಯತ್ಯಾಸವಾಗದು. ನಮ್ಮ ಭಾಗದಲ್ಲಿ ಇಂಥ ಮಾದರಿಗಳನ್ನು ಹೆಚ್ಚಾಗಿ ಬೆಂಗಳೂರಿಗೋ ಹೈದರಾಬಾದಿಗೋ ಕಳುಹಿಸಬೇಕಾಗುತ್ತದೆ. ಹಣ ಕಟ್ಟುವ ಮೊದಲೇ ‘ಗಂಟಲು ಮತ್ತು ಗುದದ ಸ್ವಾಬ್ ತೆಗೆದುಕೊಳ್ಳುತ್ತೀರಾ’ ಎಂದು ಲ್ಯಾಬಿನವರನ್ನು ಬಾಯಿಬಿಟ್ಟು ಕೇಳಿ. ಮೂತ್ರದ ಪಿಸಿಆರ್‌ಗೆ ಬೇಕಾದದ್ದು ಒಂದೆರಡು ಗಂಟೆ ತಡೆಹಿಡಿದ ನಂತರದ ಮೊದಲ ಧಾರೆ, ಸುಮಾರು 20 ಮಿಲಿಲೀಟರ್. ಅಭ್ಯಾಸಬಲದಿಂದ ಲ್ಯಾಬಿನವರು ‘ಮಧ್ಯದ ಧಾರೆ ಹಿಡಿಯಿರಿ’ ಎಂದು ಡಬ್ಬಿ ಕೊಡುವುದುಂಟು. ಹಾಗೆ ಹಿಡಿದರೆ ಕ್ರಿಮಿ ಮೊದಲ ಧಾರೆಯೊಂದಿಗೆ ತೊಳೆದು ಹೋಗಿರುತ್ತದೆ.

ಗುದದ್ವಾರದಲ್ಲಿ ನೋವು, ಲೋಳೆ, ರಕ್ತ ಕಂಡ ಕೂಡಲೇ ಅದನ್ನು ಮೂಲವ್ಯಾಧಿ ಎಂದುಕೊಳ್ಳುವುದು ನಮ್ಮಲ್ಲಿ ರೂಢಿ. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಆಪರೇಷನ್ ಇಲ್ಲದೆ ಪೈಲ್ಸ್ ಗುಣ’ ಎಂದು ಬರೆಸಿಕೊಂಡವರು ಆ ಜಾಗಕ್ಕೆ ಕ್ಷಾರ ಹಚ್ಚಿ, ಏನೇನೋ ಚುಚ್ಚಿ ಕಳುಹಿಸಿದ ರೋಗಿಗಳು ಕೊನೆಗೆ ನನ್ನ ಬಳಿ ಬರುತ್ತಾರೆ. ಪರೀಕ್ಷಿಸಿ ನೋಡಿದರೆ ಎಷ್ಟೋ ಸಲ ಅಲ್ಲಿರುವುದು ಗೊನೊರಿಯಾದ ಉರಿಯೂತ ಅಥವಾ ಸಿಫಿಲಿಸ್ ಹುಣ್ಣು. ಇವರು ಮಾಡುತ್ತಿರುವುದು ಚಿಕಿತ್ಸೆಯಲ್ಲ, ಅಪರಾಧ.

ಸಿಫಿಲಿಸ್ ವಿಷಯದಲ್ಲಿ ನಾನು ಇನ್ನೂ ಹೆಚ್ಚು ಎಚ್ಚರ ವಹಿಸುತ್ತೇನೆ. ಕಳೆದ ಬೇಸಿಗೆಯಲ್ಲಿ ತುಂಗಭದ್ರೆಯ ಆಚೆ ದಡದ ಯುವಕನೊಬ್ಬ ಬಂದು, ಬಟ್ಟೆ ಅಂಗಡಿಯ ಚೀಲದಿಂದ ಒಂಬತ್ತು ವರದಿಗಳನ್ನು ತೆಗೆದು ನನ್ನ ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿದ. ಜ್ವರಕ್ಕೆಂದು ಮೂರು ಸಲ ಮಾಡಿಸಿದ ಟೈಫಾಯ್ಡ್‌ನ ವಿಡಾಲ್ ಪರೀಕ್ಷೆ, ರಕ್ತಕಣಗಳ ಎಣಿಕೆ, ಅಲರ್ಜಿಯ ಪರೀಕ್ಷೆ, ಎಲ್ಲವೂ ಇದ್ದವು. ನಾನು ಕಾಗದಗಳನ್ನು ಬಿಟ್ಟು ಅವುಗಳನ್ನು ಜೋಡಿಸುತ್ತಿದ್ದ ಕೈಗಳನ್ನು ನೋಡುತ್ತಿದ್ದೆ. ಎರಡೂ ಅಂಗೈಗಳಲ್ಲಿ ತಾಮ್ರದ ಬಣ್ಣದ, ತುರಿಕೆಯಿಲ್ಲದ, ಅಂಚಿನಲ್ಲಿ ತೆಳ್ಳಗೆ ಸಿಪ್ಪೆ ಏಳುತ್ತಿದ್ದ ಮಚ್ಚೆಗಳಿದ್ದವು. ಚಪ್ಪಲಿ ಬಿಡಿಸಿ ನೋಡಿದರೆ ಅಂಗಾಲುಗಳಲ್ಲೂ ಅವೇ. ‘ಬಿಸಿಲಿನಾಗ ಗದ್ದಿ ಕೆಲಸ, ಕಾವು ಹೊಡದೈತಿ ಅಂದಾರ್ರಿ’ ಎಂದ. ಸಿಫಿಲಿಸ್‌ನ ರಕ್ತಪರೀಕ್ಷೆಯಾದ ವಿಡಿಆರ್‌ಎಲ್ ಮಾಡಿಸಿದೆ, 1:64 ಬಂತು, ಅಂದರೆ ಪಾಸಿಟಿವ್. ಒಂಬತ್ತು ವರದಿ ಬರೆಸಿದವರಲ್ಲಿ ಒಬ್ಬರೂ ಅಂಗೈ ತಿರುಗಿಸಿ ನೋಡಿರಲಿಲ್ಲ, ಯಾರೊಂದಿಗೆ ಸಂಪರ್ಕವಿದೆ ಎಂದು ಕೇಳಿರಲಿಲ್ಲ.

ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಗುದದ ಒಳಗೋ ಬಾಯಲ್ಲೋ ಆಗಿದ್ದರೆ ಕಣ್ಣಿಗೂ ಬೀಳುವುದಿಲ್ಲ. ಮೂರರಿಂದ ಆರು ವಾರಗಳಲ್ಲಿ ಅದು ತಾನೇ ಮಾಯುತ್ತದೆ, ನಂತರದ ದದ್ದು ಕೂಡ ತಾನೇ ಮಾಯುತ್ತದೆ, ಹೀಗಾಗಿ ಆ ಹೊತ್ತಿಗೆ ಕೊಟ್ಟ ಯಾವ ಬೂದಿಗೂ ಬೇರಿಗೂ ಗುಣಪಡಿಸಿದ ಹೆಸರು ಬರುತ್ತದೆ. ರೋಗ ಮಾತ್ರ ಒಳಗೇ ಉಳಿದು ವರ್ಷಗಳ ನಂತರ ಮೆದುಳು, ಕಣ್ಣು, ಹೃದಯದ ರಕ್ತನಾಳಗಳನ್ನು ಹಿಡಿಯಬಲ್ಲದು. ಆರಂಭದ ಹಂತದಲ್ಲಾದರೆ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಒಂದೇ ಸಲ ಸಾಕು; ತಡವಾಗಿದ್ದರೆ ವಾರಕ್ಕೊಂದರಂತೆ ಮೂರು. ಚುಚ್ಚುಮದ್ದಿನ ರಾತ್ರಿ ಜ್ವರ, ಮೈನೋವು ಬರಬಹುದು. ಅದನ್ನು ಔಷಧಿಯ ಅಲರ್ಜಿ ಎಂದು ತಿಳಿದು ಹೆದರಬೇಡಿ, ಆದರೆ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಹೋಗಿ. ಮುಂದೆ ವಿಡಿಆರ್‌ಎಲ್ ಅಂಕಿ ನಾಲ್ಕು ಪಟ್ಟಾದರೂ (1:64 ಇದ್ದದ್ದು 1:16ಕ್ಕೆ) ಇಳಿದಿದೆಯೇ ಎಂದು ನೋಡಬೇಕು. ಸಿಫಿಲಿಸ್‌ನ ಇನ್ನೊಂದು ರಕ್ತಪರೀಕ್ಷೆಯಾದ ಟಿಪಿಎಚ್‌ಎ ಗುಣವಾದ ಮೇಲೂ ಸಾಮಾನ್ಯವಾಗಿ ಜೀವನಪರ್ಯಂತ ಪಾಸಿಟಿವ್ ಆಗಿಯೇ ಉಳಿಯುತ್ತದೆ, ಅದನ್ನು ಕಂಡು ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಡಿ.

ನಿಮ್ಮ ಎಚ್‌ಐವಿ ನೆಗೆಟಿವ್ ಕೂಡ ದಿನಾಂಕವಿಲ್ಲದೆ ಅರ್ಥವಾಗದು. ಐಸಿಟಿಸಿ ಎಂಬ ಸರ್ಕಾರಿ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ ತ್ವರಿತ ರಕ್ತಪರೀಕ್ಷೆ ನೆಗೆಟಿವ್ ಎಂದಾದರೆ, ಅದು ಮೂರು ತಿಂಗಳ ಹಿಂದಿನವರೆಗಿನ ಸಂಪರ್ಕಕ್ಕೆ ಉತ್ತರ. ವೈರಸ್ಸಿನ ಅಂಶವನ್ನೂ ಹುಡುಕುವ, ಪ್ರಯೋಗಾಲಯದ ನಾಲ್ಕನೇ ತಲೆಮಾರಿನ ಪರೀಕ್ಷೆಯಾದರೆ ಸುಮಾರು 45 ದಿನ. ಸಿಫಿಲಿಸ್‌ಗೆ ಮೂರು ತಿಂಗಳು, ಗೊನೊರಿಯಾ ಮತ್ತು ಕ್ಲಮೈಡಿಯಾಗೆ ಎರಡು ವಾರ ಕಾಯಬೇಕು. ತೊಂದರೆ ಕಾಣಿಸಿಕೊಂಡಿದ್ದರೆ ಈ ಲೆಕ್ಕ ಬಿಟ್ಟು ಅಂದೇ ಬನ್ನಿ. ಒಬ್ಬನೇ ಸಂಗಾತಿಯಿದ್ದರೂ ವರ್ಷಕ್ಕೊಮ್ಮೆ, ಸಂಗಾತಿಗಳು ಬದಲಾಗುತ್ತಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ ಈ ಎಲ್ಲವನ್ನೂ ಮಾಡಿಸಿ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯೂ ಆಗಲಿ. ಬಿ ಇಲ್ಲವೆಂದು ತಿಳಿದರೆ 0, 1 ಮತ್ತು 6ನೇ ತಿಂಗಳಲ್ಲಿ ಮೂರು ಲಸಿಕೆ ಹಾಕಿಸಿಕೊಳ್ಳಿ.

ಇದೆಲ್ಲ ಆಗಬೇಕಾದರೆ ಮೈಯ ಯಾವ ಭಾಗದ ಸಂಪರ್ಕವಾಗಿದೆ ಎಂಬುದನ್ನು ನೀವು ವೈದ್ಯರಿಗೆ ಹೇಳಬೇಕು. ಹೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು, ಏಕೆಂದರೆ ಕೇಳುವುದನ್ನು ನಾನೂ ತಡವಾಗಿ ಕಲಿತೆ. ವೃತ್ತಿಯ ಆರಂಭದಲ್ಲಿ ಮದುವೆಯಾದ ರೋಗಿಯೊಬ್ಬರನ್ನು ‘ಹೆಂಡತಿಯ ಜೊತೆ ಮಾತ್ರ ತಾನೇ?’ ಎಂದು ಕೇಳಿದ್ದೆ. ಅವರು ತಲೆಯಾಡಿಸಿದರು, ನಾನು ಮುಂದಿನ ಚೀಟಿ ಎತ್ತಿಕೊಂಡೆ. ಎಂಟು ತಿಂಗಳ ನಂತರ ಅವರ ಗರ್ಭಿಣಿ ಪತ್ನಿಯ ವಿಡಿಆರ್‌ಎಲ್ ಪಾಸಿಟಿವ್ ಬಂದಾಗ, ಆ ‘ತಾನೇ’ ಎಂಬ ಒಂದು ಪದದಿಂದ ಅವರ ಬಾಯಿ ಕಟ್ಟಿದವನು ನಾನೇ ಎಂದು ತಿಳಿಯಿತು. ಈಗ ಎಲ್ಲರನ್ನೂ ‘ಗಂಡಸರೊಂದಿಗೋ, ಹೆಂಗಸರೊಂದಿಗೋ, ಇಬ್ಬರೊಂದಿಗೂ ಇದೆಯೋ’ ಎಂದೇ ಕೇಳುತ್ತೇನೆ. ನಿಮ್ಮ ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಕೇಳಿದ ಮೇಲೆ ಉಪದೇಶಕ್ಕಿಳಿದರೆ ಎದ್ದು ಬೇರೆ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ಮೂತ್ರ ಉರಿ, ತುದಿಯಲ್ಲಿ ಕೀವು. ಉಷ್ಣವೆಂದು ಎಳನೀರು, ಕಾಮಕಸ್ತೂರಿ ಬೀಜ ಸೇವಿಸಿದೆ. ಮೆಡಿಕಲ್ ಶಾಪಿನ ಮಾತ್ರೆಯಿಂದ ಕಡಿಮೆಯಾಗಿ ಮತ್ತೆ ಶುರುವಾಗಿದೆ. (ಸಿಂಧನೂರು)

ಉತ್ತರ: ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಉಷ್ಣದಿಂದ ಕೀವು ಬರುವುದಾದರೆ ಜಿಲ್ಲೆಯ ಎಲ್ಲರಿಗೂ ಬರಬೇಕಿತ್ತು. ನಿಮಗಿರುವುದು ಬಹುಮಟ್ಟಿಗೆ ಗೊನೊರಿಯಾ, ಜೊತೆಗೆ ಕ್ಲಮೈಡಿಯಾವೂ ಇರಬಹುದು. ಅಂಗಡಿಯಲ್ಲಿ ಕೇಳಿದರೆ ಸಿಗುವ ಸಿಪ್ರೋಫ್ಲಾಕ್ಸಸಿನ್‌ಗೆ ಗೊನೊರಿಯಾ ನಮ್ಮ ದೇಶದಲ್ಲಿ ಎಂದೋ ಬಗ್ಗದಂತಾಗಿದೆ, ಅರೆಬರೆ ಮಾತ್ರೆ ನುಂಗುವುದೂ ಅದಕ್ಕೊಂದು ಕಾರಣ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಸಂಗಾತಿಗೂ ಚಿಕಿತ್ಸೆಯಾಗಲೇಬೇಕು, ಇಬ್ಬರದೂ ಮುಗಿದ ಮೇಲೆ ಏಳು ದಿನ ಸಂಪರ್ಕ ಬೇಡ. ಎಳನೀರು ಕುಡಿಯಿರಿ, ಬಾಯಾರಿಕೆಗೆ.

ಪ್ರಶ್ನೆ: ರಕ್ತದಾನ ಮಾಡಿದರೆ ಎಚ್‌ಐವಿ ಪರೀಕ್ಷೆ ಉಚಿತವಾಗಿ, ಗುಟ್ಟಾಗಿ ಆಗುತ್ತದಲ್ಲವೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಅದು ಯಾವ ಪರೀಕ್ಷೆಗೂ ಸಿಗುವುದಿಲ್ಲ, ಮತ್ತು ಆ ರಕ್ತವು ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ತಾಯಿಗೋ ತಲಸ್ಸೀಮಿಯಾ ಇರುವ ಮಗುವಿಗೋ ಹೋಗುತ್ತದೆ. ಉಚಿತ ಪರೀಕ್ಷೆಗೆಂದೇ ಐಸಿಟಿಸಿ ಇದೆ.

ಪ್ರಶ್ನೆ: ನಿನ್ನೆ ರಾತ್ರಿ ಕಾಂಡೋಮ್ ಹರಿಯಿತು. ಯಾವಾಗ ಪರೀಕ್ಷೆ ಮಾಡಿಸಲಿ?

ಉತ್ತರ: ಪರೀಕ್ಷೆಗಿಂತ ಮೊದಲು ಔಷಧಿ. ಎಚ್‌ಐವಿ ಬೇರೂರದಂತೆ ತಡೆಯುವ ಪೆಪ್ ಎಂಬ ಮಾತ್ರೆಗಳನ್ನು 72 ಗಂಟೆಯೊಳಗೆ, ಸಾಧ್ಯವಾದಷ್ಟೂ ಬೇಗ ಆರಂಭಿಸಿ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರವಿರುವ ಆಸ್ಪತ್ರೆಗೆ ಈಗಲೇ ಹೊರಡಿ, ರಾತ್ರಿಯಾದರೆ ತುರ್ತು ವಿಭಾಗಕ್ಕೆ. ಪದೇ ಪದೇ ಹೀಗಾಗುವವರು ಮೊದಲೇ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಪ್ರಶ್ನೆ: ಗೆಳೆಯ ಕಟ್ಟುಮಸ್ತಾಗಿದ್ದಾನೆ, ಮನೆತನವೂ ಒಳ್ಳೆಯದು. ಅವನಿಗೂ ಪರೀಕ್ಷೆ ಬೇಕೇ?

ಉತ್ತರ: ಬೇಕು.

ಪ್ರಶ್ನೆ: ಮಗನಿಗೆ ಗಂಡಸರ ಮೇಲೆ ಆಸೆ. ಹಾರ್ಮೋನ್ ಪರೀಕ್ಷೆ ಮಾಡಿಸಿದರೆ ಸರಿಹೋಗುತ್ತಾನೆಯೇ? (ಕೊಪ್ಪಳ)

ಉತ್ತರ: ಅದು ರೋಗವಲ್ಲ, ಅದಕ್ಕೆ ಪರೀಕ್ಷೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ‘ಬದಲಿಸುತ್ತೇನೆ’ ಎಂದು ಹಣ ಕೇಳುವ ವೈದ್ಯರು ವೃತ್ತಿದ್ರೋಹ ಮಾಡುತ್ತಿದ್ದಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹಾಗೆಂದು ಹೇಳಿದೆ. ನಿಮ್ಮ ಮಗ ನಿಮ್ಮ ಬಳಿ ಹೇಳಿಕೊಂಡಿದ್ದಾನೆ, ಆ ನಂಬಿಕೆಯನ್ನು ಕಾಪಾಡಿ.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ಊರವರೇ ಇರುತ್ತಾರೆ. ಚೀಟಿ ಮಾಡಿಸುವಾಗಲೇ ಎಲ್ಲರೆದುರು ‘ಏನು ತೊಂದರೆ’ ಎಂದು ಕೇಳಿದರೆ ಏನು ಹೇಳಲಿ? (ಮಾನ್ವಿ)

ಉತ್ತರ: ಎಚ್‌ಐವಿ ಮತ್ತು ಏಡ್ಸ್ ಕುರಿತ 2017ರ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಮನೆಯವರಿಗಾಗಲಿ ಮಾಲೀಕರಿಗಾಗಲಿ ಹೇಳುವಂತಿಲ್ಲ. ಅಪಾಯದಲ್ಲಿರುವ ಸಂಗಾತಿಗೆ ತಿಳಿಸುವಂಥ ಕೆಲವು ವಿಷಯಗಳಲ್ಲಿ ಷರತ್ತುಗಳೊಂದಿಗೆ ವಿನಾಯಿತಿಯಿದೆ. ಊರಿನ ಆಸ್ಪತ್ರೆ ಬೇಡವೆನಿಸಿದರೆ ಪಕ್ಕದ ಜಿಲ್ಲೆಗೆ ಹೋಗಿ, ಯಾವ ಐಸಿಟಿಸಿಯಲ್ಲಾದರೂ ಮಾಡಿಸಬಹುದು. ಹತ್ತಿರದ್ದು ಎಲ್ಲಿದೆ ಎಂದು 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು. ಇನ್ನು ಚೀಟಿಯ ಮಾತು. ಲೈಂಗಿಕ ಸೋಂಕುಗಳನ್ನು ನೋಡುವುದು ಚರ್ಮರೋಗ ವಿಭಾಗವೇ. ಕೌಂಟರಿನಲ್ಲಿ ‘ಚರ್ಮದ ಡಾಕ್ಟರಿಗೆ ಚೀಟಿ ಕೊಡಿ’ ಎನ್ನಿ, ಉಳಿದದ್ದನ್ನು ಒಳಗೆ ಬಾಗಿಲು ಮುಚ್ಚಿದ ಮೇಲೆ ಹೇಳಿ.