ಓದುಗರ ಪ್ರಶ್ನೆ: ಕರಾವಳಿಯ ಹಳೆಯ ಕಾಗದ, ಫೋಟೋ, ಹಂಚು ಉಳಿಸುವುದು ಹೇಗೆ?

ಪ್ರಶ್ನೆ: ನಾವು ಕೆಲವರು ಸೇರಿ ಊರಿನ ಇತಿಹಾಸ ಸಂಘ ಕಟ್ಟಿದ್ದೇವೆ. ಅಂಗಡಿ ಮನೆತನಗಳ ಖಾತೆ ಪುಸ್ತಕ, ಬಂದರಿನ ರಸೀದಿ, ಹಳೆಯ ಆಮಂತ್ರಣ ಪತ್ರಿಕೆಗಳು ಬಂದಿವೆ. ಪ್ರತಿ ಮಳೆಗಾಲದಲ್ಲೂ ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆ ಇಟ್ಟರೂ ನಿಲ್ಲುತ್ತಿಲ್ಲ. (ಕುಂದಾಪುರ)

ಉತ್ತರ: ನುಸಿಗುಳಿಗೆ ಹುಳುವಿಗೆ ಸ್ವಲ್ಪ ಆಗುತ್ತದೆ, ಬೂಷ್ಟಿಗೆ ಏನೂ ಮಾಡದು. ಅದರ ವಾಸನೆ ಕುಡಿಯುವವರು ಕೋಣೆಯಲ್ಲಿ ಕೂತು ಕೆಲಸ ಮಾಡುವ ನೀವು. ತೆಗೆದು ಎಸೆಯಿರಿ.

ಗಾಳಿಯ ತೇವಾಂಶ ಶೇ. 65 ದಾಟಿ ಕೆಲವು ದಿನ ಹಾಗೆಯೇ ನಿಂತರೆ ಬೂಷ್ಟು ಬೆಳೆಯುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯೇ ಶೇ. 85ರ ಮೇಲಿರುತ್ತದೆ. ಹಾಗಾಗಿ 'ಮಳೆ ಬಿಟ್ಟಿತು, ಸ್ವಲ್ಪ ಗಾಳಿ ಆಡಲಿ' ಎಂದು ಕಿಟಕಿ ತೆರೆದರೆ ತೇವವನ್ನೇ ಒಳಗೆ ಕರೆದಂತೆ. ಕಿಟಕಿ ತೆರೆಯುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಣ ಮಧ್ಯಾಹ್ನಗಳಲ್ಲಿ. ಹಗಲು ಎಸಿ ಹಾಕಿ ಸಂಜೆ ಆರಿಸುವ ಪದ್ಧತಿ ಇನ್ನೂ ಕೆಟ್ಟದ್ದು. ತಣ್ಣಗಾದ ಕಾಗದದ ಮೇಲೆ ರಾತ್ರಿಯ ಹಸಿ ಗಾಳಿ ನೀರಾಗಿ ಕೂರುತ್ತದೆ.

ಇಡೀ ಕೋಣೆಯನ್ನು ಒಣಗಿಸಲು ಹೊರಟರೆ ಕರೆಂಟ್ ಬಿಲ್ಲಿಗೇ ಸಂಘ ಮುಳುಗೀತು. ಡಬ್ಬಿಯ ಒಳಗನ್ನು ಮಾತ್ರ ಒಣಗಿಸಿ. ರಬ್ಬರ್ ಅಂಚಿನ, ಬಿಗಿಯಾಗಿ ಮುಚ್ಚುವ ಪಾಲಿಪ್ರೊಪಿಲೀನ್ ಡಬ್ಬಿ ತನ್ನಿ. ತಳದ ತ್ರಿಕೋನದಲ್ಲಿ 5 ಎಂದಿರಬೇಕು. ಪಿವಿಸಿ ಬೇಡ, ಅದು ಕಾಲಕ್ರಮದಲ್ಲಿ ಆಮ್ಲ ಬಿಡುತ್ತದೆ. 40 ಲೀಟರ್ ಡಬ್ಬಿಗೆ ಸುಮಾರು 800 ಗ್ರಾಂ ಸಿಲಿಕಾ ಜೆಲ್ (ತೇವ ಹೀರುವ ಹರಳು) ಬಟ್ಟೆ ಚೀಲದಲ್ಲಿ ಕಟ್ಟಿ ಹಾಕಿ. ಬಣ್ಣ ಬದಲಾದ ಮೇಲೆ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿ ಹರಳಿನಲ್ಲಿ ವಿಷಕಾರಿ ಕೋಬಾಲ್ಟ್ ಇರುವುದರಿಂದ ಕಿತ್ತಳೆ ಬಣ್ಣದ್ದೇ ಕೇಳಿ ತನ್ನಿ. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ತೇವಮಾಪಕ ಒಂದನ್ನು ಡಬ್ಬಿಯೊಳಗೇ ಇಟ್ಟು, ಶೇ. 50ಕ್ಕೆ ಬಂದ ಕೂಡಲೇ ಜೆಲ್ ಕಡಿಮೆ ಮಾಡಿ. ಅತಿಯಾಗಿ ಒಣಗಿದ ಕಾಗದ ಮಡಿಕೆಯಲ್ಲಿ ಮುರಿಯುತ್ತದೆ.

ಕಪಾಟು ಹೊರಗೋಡೆಯಿಂದ ಅರ್ಧ ಅಡಿ, ನೆಲದಿಂದ ಅರ್ಧ ಅಡಿ ದೂರವಿರಲಿ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಮಳೆಗಾಲವಿಡೀ ನೀರು ಕುಡಿದು ಒಳಕ್ಕೆ ಬಿಡುತ್ತಿರುತ್ತದೆ.

ಈಗಾಗಲೇ ಬೂಷ್ಟು ಹಿಡಿದದ್ದನ್ನು ಹಸಿಯಾಗಿದ್ದಾಗ ಒರೆಸಬೇಡಿ, ಕಲೆ ನಾರಿನೊಳಗೆ ಇಳಿಯುತ್ತದೆ. ನೆರಳಲ್ಲಿ ಒಣಗಿಸಿ, ಬೂಷ್ಟು ಪುಡಿಯಾದ ಮೇಲೆ ಎನ್-95 ಮಾಸ್ಕ್ ಹಾಕಿ, ಹೊರಗೆ ಜಗಲಿಯಲ್ಲಿ ಕೂತು, ಮೃದು ಬ್ರಷ್‌ನಿಂದ ನಿಮ್ಮಿಂದ ಆಚೆಗೆ ಗುಡಿಸಿ. ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ, ಹಾಳೆ ಸುರುಟುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಅದನ್ನು ಬಿಡಿಸುವ ದಾರಿಯೇ ಇಲ್ಲ.

ಪ್ರಶ್ನೆ: ಚೌಕಟ್ಟಿನ ಗಾಜಿಗೆ ಹಳೆಯ ಮದುವೆ ಫೋಟೋ ಅಂಟಿಕೊಂಡಿದೆ. ಬಿಸಿ ಮಾಡಿದರೆ ಬಿಡುತ್ತದೆಯೇ? (ಉಡುಪಿ)

ಉತ್ತರ: ಬಿಡುವುದಿಲ್ಲ, ಮುಖವೇ ಕಿತ್ತು ಬರುತ್ತದೆ. ಫೋಟೋದ ಮೇಲ್ಪದರ ಜೆಲಾಟಿನ್. ತೇವಕ್ಕೆ ಮೆತ್ತಗಾಗಿ ಗಾಜನ್ನು ಹಿಡಿದಿರುತ್ತದೆ. ಹಿಂದಿನ ಹಲಗೆ ಮಾತ್ರ ತೆಗೆದು, ಗಾಜಿನ ಸಮೇತ ಪ್ರತಿ ಮಾಡಿಸಿ. ಅಗ್ಗದ ತೆಳು ಸ್ಕ್ಯಾನರ್‌ಗಳಲ್ಲಿರುವ ಸಿಐಎಸ್ ಎಂಬ ಬೆಳಕು ಗ್ರಹಿಸುವ ಪಟ್ಟಿಗೆ ತನ್ನ ಗಾಜಿಗೆ ತಾಗಿದ್ದಷ್ಟೇ ಸ್ಪಷ್ಟ, ಎರಡು ಮಿಲಿಮೀಟರ್ ಆಚೆಗಿದ್ದರೆ ಮಸುಕು. ಮಸೂರವಿದ್ದು, ಗಾಜಿನಿಂದ ಸ್ವಲ್ಪ ಆಚೆಗಿದ್ದದ್ದನ್ನೂ ಸ್ಪಷ್ಟ ತೆಗೆಯುವ ಸಿಸಿಡಿ ಸ್ಕ್ಯಾನರ್ ಹುಡುಕಿ. ಇಲ್ಲವೇ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ದೀಪ ಬಿಟ್ಟು ತೆಗೆಯಿರಿ. ಆಗ ಗಾಜಿನ ಹೊಳಪು ಬೀಳುವುದಿಲ್ಲ.

ಗಾಜಿಲ್ಲದ 4x6 ಇಂಚಿನ ಫೋಟೋಗಳಿಗೆ 600 ಡಿಪಿಐ (ಇಂಚಿಗೆ 600 ಚುಕ್ಕಿ), ಟಿಫ್ ಎಂಬ ಕಡತ ರೂಪ ಸಾಕು. ಒಂದಕ್ಕೆ ಸುಮಾರು 26 ಎಂಬಿ, ಸಾವಿರಕ್ಕೆ 26 ಜಿಬಿ. ಆದರೆ ಸ್ಕ್ಯಾನಿಂಗಿಗಿಂತ ತುರ್ತಿನದು ಹೆಸರು. ಊರಿನ ಎಂಬತ್ತು ದಾಟಿದವರ ಮುಂದೆ ಫೋಟೋದ ದೊಡ್ಡ ಪ್ರತಿ ಇಟ್ಟು, ಎಡದಿಂದ ಬಲಕ್ಕೆ ಯಾರ್ಯಾರು ಎಂದು ಬರೆದುಕೊಳ್ಳಿ. ಸ್ಕ್ಯಾನರ್ ಮುಂದಿನ ವರ್ಷವೂ ಸಿಗುತ್ತದೆ. ಫೋಟೋದ ಬೆನ್ನಿಗೆ 2ಬಿ ಪೆನ್ಸಿಲ್ ಮಾತ್ರ. ಬಾಲ್‌ಪೆನ್ನಿನ ಗುರುತು ಮುಂಭಾಗಕ್ಕೆ ಒತ್ತಿ ಮೂಡುತ್ತದೆ.

ಪ್ರಶ್ನೆ: ಮನೆ ಕೆಡಹುವಾಗ 1865 ಎಂದು ಅಚ್ಚಾದ ಬಾಸೆಲ್ ಮಿಷನ್ ಹಂಚು ಸಿಕ್ಕಿದೆ. ಮನೆ ಅಷ್ಟು ಹಳೆಯದೇ? (ಮಂಗಳೂರು)

ಉತ್ತರ: ಅಲ್ಲ. 1865 ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಅದು ಅವರ ಮುದ್ರೆಯ ಭಾಗ. ಆಲ್ಬುಕರ್ಕ್ ಎಂಬ ಇನ್ನೊಂದು ಕಾರ್ಖಾನೆಯ ಹಂಚಿನ 1868 ಕೂಡ ಹಾಗೆಯೇ. ಕಾಮನ್‌ವೆಲ್ತ್ ಎಂಬ ಮುದ್ರೆ ಇದ್ದರೆ ಅದು ಮೊದಲ ಮಹಾಯುದ್ಧದ ನಂತರದ್ದು, ಮಿಷನ್ನಿನ ಉದ್ದಿಮೆಗಳು ಕೈಬದಲಾದ ಮೇಲೆ ಬಂದದ್ದು. ಜೊತೆಗೆ, ಹಂಚು ಒಂದು ಮಾಡಿನಿಂದ (ಛಾವಣಿಯಿಂದ) ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಯಾವ ಮನೆ, ಯಾವ ಮಾಡು, ಯಾವ ದಿನ ಇಳಿಸಿದ್ದು ಎಂದು ಅಂದೇ ಬರೆದಿಡಿ. ಅದಿಲ್ಲದ ಹಂಚು ಬರೀ ಹಂಚು.

ಪ್ರಶ್ನೆ: ಕೊಟ್ಟವರ ಮಕ್ಕಳು ಬಂದು ವಸ್ತು ವಾಪಸ್ ಕೇಳುತ್ತಿದ್ದಾರೆ. (ಕಾಪು)

ಉತ್ತರ: ತೆಗೆದುಕೊಳ್ಳುವಾಗಲೇ ದಾನವೋ ಎರವಲೋ ಎಂದು ಎರಡು ಪ್ರತಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ವಸ್ತುವಿಗೆ ಕೂಡಲೇ ನಂಬರು ಕೊಡಿ: ವರ್ಷ, ಆ ವರ್ಷದ ಎಷ್ಟನೇ ಕೊಡುಗೆ, ಅದರಲ್ಲಿ ಎಷ್ಟನೇ ವಸ್ತು. 2025.7.3 ಎಂದರೆ 2025ರ ಏಳನೆಯ ಕೊಡುಗೆಯ ಮೂರನೆಯ ವಸ್ತು. ಸಂಘ ನೋಂದಣಿ ಆಗಿರಲಿ. ಕರ್ನಾಟಕದ 1960ರ ಸಂಘಗಳ ಕಾಯಿದೆಯಡಿ ಏಳು ಜನ ಸಾಕು. ಸಂಘ ಮುಚ್ಚಿದರೆ ಸಂಗ್ರಹ ಯಾವ ಸಂಸ್ಥೆಗೆ ಎಂಬುದನ್ನು ಬೈಲಾದಲ್ಲೇ ಬರೆಯಿರಿ.

ಪ್ರಶ್ನೆ: ನಮ್ಮ ಬಂದರಿನ ಹಳೆಯ ಸರ್ಕಾರಿ ದಾಖಲೆ ಬೆಂಗಳೂರಿನಲ್ಲಿ ಸಿಗಲಿಲ್ಲ. (ಕುಮಟಾ)

ಉತ್ತರ: ಸಿಗದಿರುವುದೇ ಸಹಜ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಅದಕ್ಕೂ ಹಿಂದೆ ಮದ್ರಾಸಿನದಾಗಿತ್ತು. ಹಾಗಾಗಿ 1862ಕ್ಕೆ ಮೊದಲಿನದನ್ನು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ, ಆಮೇಲಿನದನ್ನು ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರದಲ್ಲಿ ಹುಡುಕಬೇಕು. ದಕ್ಷಿಣ ಕನ್ನಡದವರಿಗೆ 1956ರವರೆಗೂ ಚೆನ್ನೈಯೇ. ಇಂದಿನ ಹೆಸರಿನಲ್ಲಿ ಸೂಚಿ ನೋಡಿದರೆ ಕೈಗೆ ಹತ್ತುವುದು ಕಡಿಮೆ. ಕುಮಟಾ ಆಗ 'ಕೂಂಪ್ಟಾ'. ಹತ್ತಿ ವ್ಯಾಪಾರದ ಕಾಗದಗಳಲ್ಲಿ ಅದೇ ಹೆಸರು, ಏಕೆಂದರೆ ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಬಂದು ಹಡಗು ಹತ್ತುತ್ತಿದ್ದದ್ದು ಅಲ್ಲೇ. ಹೊನ್ನಾವರ 'ಒನೋರ್', ಬಸ್ರೂರು 'ಬಾರ್ಸೆಲೋರ್'. ಕಾಗುಣಿತ ಒಂದೊಂದು ಕಡತಕ್ಕೆ ಒಂದೊಂದು ಥರ ಇರುವುದರಿಂದ, ಹೋಗುವ ಮೊದಲು ನಾಲ್ಕೈದು ರೂಪ ಬರೆದುಕೊಂಡು ಹೋಗಿ.