ರಿಯಾಕ್ಟ್ ಕಾಂಪೊನೆಂಟ್ (ಪರದೆಯ ಒಂದು ಭಾಗ) ಲೇಜಿ ಲೋಡ್ ಮಾಡಿದರೆ, ಅಂದರೆ ಬೇಕಾದಾಗ ಮಾತ್ರ ತಂದರೆ, ಜೆಸ್ಟ್ (ಜಾವಾಸ್ಕ್ರಿಪ್ಟ್ ಕೋಡಿನ ಟೆಸ್ಟ್ ಓಡಿಸುವ ಟೂಲ್) ಟೆಸ್ಟ್ ಬೇಗ ಮುಗಿಯುತ್ತದಾ?

ಮುಗಿಯುತ್ತದೆ, ಆದರೆ ಸಮಯ ಇಂಪೋರ್ಟ್‌ನಲ್ಲಿ, ಅಂದರೆ ಬೇರೆ ಫೈಲುಗಳ ಕೋಡ್ ಎಳೆದು ತರುವುದರಲ್ಲಿ, ಪೋಲಾಗುತ್ತಿದ್ದರೆ ಮಾತ್ರ. ಟೆಸ್ಟ್‌ಗಳು ಚಿಕ್ಕವೇ, ಆದರೂ ಒಂದೊಂದು ಫೈಲ್ ಶುರುವಾಗಲಿಕ್ಕೇ ಹೊತ್ತು ಹಿಡಿಯುತ್ತದೆ ಅಂದಿದ್ದೀರಿ. ಒಂದು ಫೈಲಿನ ಎಲ್ಲ ಟೆಸ್ಟ್‌ಗೂ ಸ್ಕಿಪ್ ಹಾಕಿ ಓಡಿಸಿ. ಆಗಲೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಿಡಿದರೆ, ಒಂದು ಖಾಲಿ ಟೆಸ್ಟ್ ಫೈಲ್ ಮಾತ್ರ ಥಟ್ಟನೆ ಮುಗಿದರೆ, ಕಳ್ಳ ಇಂಪೋರ್ಟೇ.

ನಮ್ಮಲ್ಲೂ ಇದೇ ಕಥೆ. ಮೆನು ಬಟನ್ ಒತ್ತಿದರೆ ಪಟ್ಟಿ ತೆರೆಯುತ್ತದಾ ಅಂತ ನೋಡುವ ಒಂದೇ ಒಂದು ಟೆಸ್ಟ್. ಅದರ ಪಕ್ಕ ಜೆಸ್ಟ್ ತೋರಿಸಿದ್ದು 38 ಮಿಲಿಸೆಕೆಂಡ್, ಫೈಲ್ ಮುಗಿಯಲು ಹಿಡಿದದ್ದು 9 ಸೆಕೆಂಡ್! ಲಿಂಕ್‌ಗಳ ವಿಳಾಸ ಬೇಕು ಅಂತ ಮೆನು ರೂಟ್ ಫೈಲನ್ನು (ಯಾವ ವಿಳಾಸಕ್ಕೆ ಯಾವ ಪುಟ ಅನ್ನುವ ಪಟ್ಟಿ) ಇಂಪೋರ್ಟ್ ಮಾಡುತ್ತಿತ್ತು. ರೂಟ್ ಫೈಲ್ ಎಲ್ಲ ಪುಟಗಳನ್ನೂ ಎಳೆದು ತರುತ್ತಿತ್ತು. ಒಂದರಲ್ಲಿ ಚಾರ್ಟ್ ಲೈಬ್ರರಿ, ಇನ್ನೊಂದರಲ್ಲಿ ಎಡಿಟರ್. ಒಂದು ಬಟನ್‌ಗಾಗಿ ಇಡೀ ಆಪ್ ಎದ್ದು ಕೂರಬೇಕಿತ್ತು.

ಬೇಬಲ್ (ನಮ್ಮ ಕೋಡನ್ನು ಜೆಸ್ಟ್ ಓಡಿಸಬಲ್ಲ ರೂಪಕ್ಕೆ ತರುವ ಟೂಲ್) ಬದಲಿಸಿಕೊಟ್ಟ ಕೋಡ್ ಕ್ಯಾಶ್‌ನಲ್ಲಿರುತ್ತದಲ್ವಾ ಅಂತ ಕೇಳಬಹುದು. ಇರುತ್ತದೆ. ಆದರೆ ಜೆಸ್ಟ್ ಪ್ರತಿ ಟೆಸ್ಟ್ ಫೈಲಿಗೂ ಮಾಡ್ಯೂಲ್‌ಗಳನ್ನು (ಇಂಪೋರ್ಟ್ ಆದ ಕೋಡ್ ಫೈಲುಗಳನ್ನು) ಹೊಸದಾಗಿ ಓಡಿಸುತ್ತದೆ. 200 ಫೈಲ್ ಆ ಮೆನುವನ್ನು ಮುಟ್ಟಿದರೆ ಚಾರ್ಟ್ ಲೈಬ್ರರಿಯೂ 200 ಸಲ ಓಡುತ್ತದೆ.

ರೂಟ್ ಫೈಲಿನಲ್ಲಿ ಪ್ರತಿ ಪುಟವನ್ನೂ ರಿಯಾಕ್ಟ್.ಲೇಜಿ ಒಳಗೆ ಹಾಕಿ, ಹೊರಗೆ ಸಸ್ಪೆನ್ಸ್ (ಕೋಡ್ ಬರುವವರೆಗೆ ಬದಲಿ ಸಂದೇಶ ತೋರಿಸುವ ಕಾಂಪೊನೆಂಟ್) ಸುತ್ತಿದೆವು. ರಿಯಾಕ್ಟ್ 16.6ರಿಂದಲೇ ಇದು ಇದೆ. ಪುಟ ರೆಂಡರ್ ಆಗುವವರೆಗೆ ಅದರ ಕೋಡ್ ಓಡುವುದೇ ಇಲ್ಲ. ಮೆನು ಫೈಲ್ 2 ಸೆಕೆಂಡಿಗೆ ಇಳಿಯಿತು. ಲೇಜಿ ಸಾಲನ್ನು ಮಾತ್ರ ಕಾಂಪೊನೆಂಟಿನ ಹೊರಗೇ ಬರೆಯಿರಿ. ಒಳಗೆ ಬರೆದರೆ ಪ್ರತಿ ರೆಂಡರ್‌ಗೂ ಹೊಸ ಕಾಂಪೊನೆಂಟ್ ಹುಟ್ಟಿ ಸ್ಟೇಟ್ (ಅದು ನೆನಪಿಟ್ಟುಕೊಂಡ ಮಾಹಿತಿ) ಅಳಿಸಿಹೋಗುತ್ತದೆ.

ನಿಜವಾದ ತಲೆನೋವು ಆಮೇಲೆ. ಹಳೇ ಟೆಸ್ಟ್‌ಗಳು ಸಾಲಾಗಿ ಕೆಂಪಾದವು. ಕಾಯದೆ ಆ ಕ್ಷಣವೇ ಪಠ್ಯ ಹುಡುಕುವ ಗೆಟ್‌ಬೈಟೆಕ್ಸ್ಟ್ ನೋಡುವ ಹೊತ್ತಿಗೆ ಅಲ್ಲಿ ಇನ್ನೂ ಸಸ್ಪೆನ್ಸ್‌ನ 'ಲೋಡ್ ಆಗುತ್ತಿದೆ' ಇರುತ್ತದೆ. ಅವೇಟ್ ಹಾಕಿ, ಪಠ್ಯ ಕಾಣಿಸುವವರೆಗೆ ಕಾಯುವ ಫೈಂಡ್‌ಬೈಟೆಕ್ಸ್ಟ್ ಬಳಸಿ. ಅದು ಕಾಯುವುದೂ 1000 ಮಿಲಿಸೆಕೆಂಡ್ ಅಷ್ಟೇ. ಪುಟ ಭಾರವಾಗಿದ್ದರೆ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಪಾಸ್, ಸಿಐನಲ್ಲಿ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಸರ್ವರ್‌ನಲ್ಲಿ) ಫೇಲ್! ಸುಮ್ನೆ ಟೈಮ್‌ಔಟ್ ಹೆಚ್ಚಿಸಬೇಡಿ. ಆ ಪುಟದ್ದೇ ಟೆಸ್ಟ್ ಆದರೆ, ಫೈಲಿನ ಮೇಲ್ಗಡೆಯೇ ಆ ಪುಟವನ್ನು ಹೆಸರು ಕೊಡದೆ ನೇರ ಇಂಪೋರ್ಟ್ ಮಾಡಿಬಿಡಿ. ಲೇಜಿ ಕೇಳುವ ಹೊತ್ತಿಗೆ ಮಾಡ್ಯೂಲ್ ರೆಡಿ ಇರುತ್ತದೆ.

ಇಷ್ಟಾದರೂ ವೇಗ ಬರದಿದ್ದರೆ ಇಂಡೆಕ್ಸ್ ಫೈಲ್ ನೋಡಿ. ಎಲ್ಲವನ್ನೂ ಒಂದೇ ಕಡೆಯಿಂದ ಎಕ್ಸ್‌ಪೋರ್ಟ್ ಮಾಡುವ ಆ ಫೈಲಿನಿಂದ ಯಾರೋ ಒಂದು ಐಕಾನ್ ಇಂಪೋರ್ಟ್ ಮಾಡಿಕೊಂಡಿರುತ್ತಾರೆ. ಅದರ ಬಾಲ ಹಿಡಿದು ಪುಟಗಳೆಲ್ಲ ವಾಪಸ್ ಬಂದಿರುತ್ತವೆ. ನಮಗೆ ಇದು ಗೊತ್ತಾಗಲು ಎರಡು ದಿನ ಹಿಡಿಯಿತು.